ಪಿಯುಸಿ ಮಕ್ಕಳಿಗೆ ವೆಬರ್, ಡರ್ಖೈಮ್, ಶ್ರೀನಿವಾಸ್: ಈಗಲೇ ಬೇಕಾ?

ಹದಿನಾರು, ಹದಿನೇಳರ ಮಕ್ಕಳಿಗೆ ಸಮಾಜಶಾಸ್ತ್ರದ ದೊಡ್ಡ ಸಿದ್ಧಾಂತಗಳನ್ನು ಹೇಳಿಕೊಡಬೇಕೇ? ಅಥವಾ ಅವನ್ನು ಡಿಗ್ರಿಗೆ ಬಿಟ್ಟು, ಈಗ ಸುತ್ತಲಿನ ಬದುಕನ್ನು ನೋಡಲು ಕಲಿಸಿದರೆ ಸಾಕೇ? ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ನಮ್ಮ ಮಕ್ಕಳಿಗೆ ಕಡಿಮೆ ಕೊಡಬೇಡಿ

ಹದಿನೆಂಟು ವರ್ಷದಿಂದ ಕಲಾ ವಿಭಾಗದ ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದೇನೆ. "ಆರ್ಟ್ಸ್ ತಾನೇ" ಅನ್ನುವ ಮಾತನ್ನು ಕೇಳಿಸಿಕೊಂಡೇ ಈ ಮಕ್ಕಳು ನಮ್ಮ ತರಗತಿಗೆ ಬರುತ್ತಾರೆ. ನೆಂಟರು ಹೇಳಿರುತ್ತಾರೆ, ಪಕ್ಕದ ಮನೆಯವರು ಹೇಳಿರುತ್ತಾರೆ. ಈಗ ನಾವೂ ಸೇರಿಕೊಂಡು "ಇವರಿಗೆ ಸಿದ್ಧಾಂತ ತಲೆಗೆ ಹೋಗಲ್ಲ, ಸುಲಭದ್ದು ಕೊಡಿ" ಅನ್ನುತ್ತೇವೆ. ನನಗೆ ಇದು ನೋವಿನ ವಿಷಯ. ಅದೇ ವಯಸ್ಸಿನ, ಅದೇ ಊರಿನ ಸೈನ್ಸ್ ಮಗುವಿಗೆ ಪರಮಾಣುವಿನ ರಚನೆ, ಕ್ಯಾಲ್ಕುಲಸ್ ಎಲ್ಲ ಕಲಿಸುತ್ತೇವೆ. ಎಲೆಕ್ಟ್ರಾನನ್ನು ಯಾವ ಮಗುವೂ ಕಣ್ಣಲ್ಲಿ ಕಂಡಿಲ್ಲ. ಜಾತಿ, ಕೂಲಿ, ಸರ್ಕಾರಿ ಕಚೇರಿ ಇವನ್ನು ನಮ್ಮ ಮಕ್ಕಳು ದಿನಾ ಕಾಣುತ್ತಾರೆ. ಯಾವುದು ಕಷ್ಟ, ನೀವೇ ಹೇಳಿ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಪಾಠವನ್ನು ನಾನು ಜರ್ಮನಿಯಿಂದ ಶುರು ಮಾಡುವುದಿಲ್ಲ. "ನಿಮ್ಮೂರಲ್ಲಿ ಹಿಂದೆ ಜಮೀನಿನ ಲೆಕ್ಕ ಬರೀತಿದ್ದವರು ಯಾರು, ಮನೇಲಿ ಹಿರಿಯರನ್ನ ಕೇಳ್ಕೊಂಡು ಬನ್ನಿ" ಅಂತ ಕಳಿಸುತ್ತೇನೆ. ಮರುದಿನ ಶಾನುಭೋಗರ ಕಥೆ, ಪಟೇಲರ ಕಥೆ ತರಗತಿಗೆ ಬರುತ್ತವೆ. ಅಪ್ಪನ ನಂತರ ಮಗ. ಲೆಕ್ಕದ ಪುಸ್ತಕ ಅವರ ಮನೆಯಲ್ಲೇ. ಕೇಳುವವರಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಆ ವಂಶದ ಹಕ್ಕು ಹೋಯಿತು. ಸಂಬಳದ ಗ್ರಾಮ ಲೆಕ್ಕಿಗರು (ಈಗಿನ ಹೆಸರಲ್ಲಿ ಗ್ರಾಮ ಆಡಳಿತಾಧಿಕಾರಿಗಳು) ಬಂದರು. ಅವರಿಗೆ ಪರೀಕ್ಷೆ ಇದೆ, ವರ್ಗಾವಣೆ ಇದೆ, ಮೇಲೆ ತಹಶೀಲ್ದಾರರಿದ್ದಾರೆ. ಸುಮಾರು 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಇಷ್ಟು ಹೇಳಿ ಒಂದೇ ಪ್ರಶ್ನೆ ಕೇಳುತ್ತೇನೆ: ಜನ ಆಗ ಶಾನುಭೋಗರ ಮಾತಿಗೆ ಯಾಕೆ ತಲೆಬಾಗುತ್ತಿದ್ದರು, ಈಗ ಲೆಕ್ಕಿಗರ ಸಹಿಗೆ ಯಾಕೆ ಕಾಯುತ್ತಾರೆ?

ಉತ್ತರ ಮಕ್ಕಳಿಂದಲೇ ಬರುತ್ತದೆ. ಆಗ ಮನೆತನ, ಈಗ ಕಾನೂನು. ಸಾಂಪ್ರದಾಯಿಕ ಅಧಿಕಾರ, ಕಾನೂನುಬದ್ಧ ಅಧಿಕಾರ ಎಂಬ ಹೆಸರುಗಳನ್ನು ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ. ವೆಬರ್ ಹೇಳಿದ ಮೂರನೆಯದು ವರ್ಚಸ್ಸಿನ ಅಧಿಕಾರ, ಅಂದರೆ ಒಬ್ಬ ವ್ಯಕ್ತಿಯ ಸೆಳೆತದಿಂದಲೇ ಬರುವಂಥದ್ದು. ಅದಕ್ಕೆ ಉದಾಹರಣೆ ಕೇಳಿದರೆ ಇಡೀ ತರಗತಿ ಒಟ್ಟಿಗೆ ಮಾತಾಡುತ್ತದೆ. ಆವತ್ತು ಹಿಂದಿನ ಬೆಂಚೂ ಎಚ್ಚರವಾಗಿರುತ್ತದೆ.

ಕಾರ್ಲ್ ಮಾರ್ಕ್ಸ್ ಕೂಡ ಹಾಗೆಯೇ. ನಮ್ಮ ಕಡೆಯ ಎಷ್ಟೋ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಕು ಹರಿಯುವ ಮೊದಲೇ ವ್ಯಾನು ಬರುತ್ತದೆ. ಒಬ್ಬರು ಕಾಲರ್, ಒಬ್ಬರು ತೋಳು, ಒಬ್ಬರು ಗುಂಡಿ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ದುಡಿಯುವವರು ತಾವು ಮಾಡಿದ ವಸ್ತುವಿಗೇ ಹೊರಗಿನವರಾಗುತ್ತಾರೆ ಎಂದು ಮಾರ್ಕ್ಸ್ ಹೇಳಿದ್ದನ್ನು ಒಮ್ಮೆ ವಿವರಿಸುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಅಮ್ಮ ಆರು ವರ್ಷದಿಂದ ಕಾಲರ್ ಹೊಲೀತಾರೆ. ಆ ಶರಟು ಪೂರ್ತಿ ಹೇಗಿರುತ್ತೆ ಅಂತ ಅವರಿಗೆ ಗೊತ್ತಿಲ್ಲ" ಎಂದಳು. ನಾನು ಪುಸ್ತಕ ಮುಚ್ಚಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ರಸ್ತೆಗಿಳಿದರು. ಹೆಚ್ಚಿನವರು ಹೆಂಗಸರು. ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಇದನ್ನು ಹೇಳದೆ ವರ್ಗ ಸಂಘರ್ಷದ, ಅಂದರೆ ಉಳ್ಳವರ ಮತ್ತು ದುಡಿಯುವವರ ನಡುವಿನ ತಿಕ್ಕಾಟದ ಪಾಠ ಮುಗಿಸುವುದು ಹೇಗೆ?

ಸಿದ್ಧಾಂತ ಅಂದರೆ ಯೂರೋಪಿನವರದು ಮಾತ್ರ ಅಂತ ಮಕ್ಕಳು ತಿಳಿದಿರುತ್ತಾರೆ. ಅದಕ್ಕೇ ಅಂಬೇಡ್ಕರ್ ಅವರನ್ನು ಬೇಗ ತರುತ್ತೇನೆ. 1916ರ ಮೇ ತಿಂಗಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಇಪ್ಪತ್ತೈದು ವರ್ಷದ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದುತ್ತಾರೆ. ಜಾತಿ ನಿಂತಿರುವುದು ಒಳಗೊಳಗೇ ಮದುವೆಯಾಗುವ ಕಟ್ಟಿನ ಮೇಲೆ ಎಂದು ತೋರಿಸುತ್ತಾರೆ. ಒಂದು ಗುಂಪು ಮೊದಲು ಬಾಗಿಲು ಹಾಕಿಕೊಂಡಿತು, ಉಳಿದವರಲ್ಲಿ ಕೆಲವರು ಅದನ್ನು ನೋಡಿ ತಾವೂ ಹಾಕಿಕೊಂಡರು, ಇನ್ನು ಕೆಲವರ ಪಾಲಿಗೆ ಬಾಗಿಲು ಹೊರಗಿನಿಂದಲೇ ಮುಚ್ಚಿಹೋಯಿತು ಎನ್ನುತ್ತಾರೆ. ಸತಿ, ವಿಧವೆಯರ ಮೇಲಿನ ಕಟ್ಟುಪಾಡು, ಬಾಲ್ಯವಿವಾಹ ಎಲ್ಲವೂ ಆ ಬಾಗಿಲನ್ನು ಭದ್ರ ಮಾಡಲು ಬಂದವು ಎನ್ನುತ್ತಾರೆ. ಅಂಬೇಡ್ಕರ್ ಅಂದರೆ ಸಂವಿಧಾನ ಎಂದಷ್ಟೇ ತಿಳಿದಿದ್ದ ಮಕ್ಕಳು ಇದನ್ನು ಕೇಳಿ ಸುಮ್ಮನಾಗುತ್ತಾರೆ. ತಮಗಿಂತ ಎಂಟೊಂಬತ್ತು ವರ್ಷ ದೊಡ್ಡವರೊಬ್ಬರು ಇಷ್ಟು ದೊಡ್ಡ ಗಂಟನ್ನು ಬಿಚ್ಚಿದರಲ್ಲ ಎಂಬ ಬೆರಗು ಆ ಮುಖಗಳಲ್ಲಿ ಕಾಣುತ್ತದೆ.

ಬಾಯಿಪಾಠ ಜಾಸ್ತಿ ಆಗುತ್ತದೆ ಎಂಬ ದೂರು ನಿಜ. ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಸರಿ ಮಾಡಬೇಕು. ಪಾಠವನ್ನೇ ತೆಗೆಯಬಾರದು.

ಡಿಗ್ರಿಯಲ್ಲಿ ಕಲಿಯಲಿ ಬಿಡಿ ಅನ್ನುವವರಿಗೆ ಒಂದು ಮಾತು. ನನ್ನ ತರಗತಿಯ ಎಲ್ಲರೂ ಡಿಗ್ರಿಗೆ ಹೋಗುವುದಿಲ್ಲ. ರಿಸಲ್ಟ್ ಬಂದ ವಾರದಲ್ಲೇ ಕೆಲವು ಹುಡುಗಿಯರ ಮದುವೆಯ ಮಾತು ಶುರುವಾಗುತ್ತದೆ. ಹುಡುಗರು ಆಟೋ, ಡೆಲಿವರಿ, ಮೆಕ್ಯಾನಿಕ್ ಅಂಗಡಿ ಅಂತ ಹೋಗುತ್ತಾರೆ. ಅವರ ಪಾಲಿಗೆ ವೆಬರ್, ಮಾರ್ಕ್ಸ್, ಅಂಬೇಡ್ಕರ್ ಸಿಗುವುದಾದರೆ ಈ ಎರಡು ವರ್ಷದಲ್ಲಿ ಮಾತ್ರ. ನಾನು ಕೊಡದಿದ್ದರೆ ಇನ್ಯಾರು ಕೊಡುತ್ತಾರೆ?

ವಿರೋಧ: ಮೊದಲು ಬೀದಿ ನೋಡಲಿ

ಗೆಳೆಯರ ಬರಹ ಓದಿ ಅವರ ತರಗತಿಯಲ್ಲಿ ನಾನೂ ಹೋಗಿ ಕೂರಬೇಕು ಅನ್ನಿಸಿತು. ಆದರೆ ಅವರೇ ಬರೆದದ್ದನ್ನು ಇನ್ನೊಮ್ಮೆ ನೋಡಿ. ಶಾನುಭೋಗರ ಕಥೆ ತಂದವರು ಮನೆಯ ಹಿರಿಯರು. ಕಾಲರಿನ ಮಾತು ಹೇಳಿದ್ದು ಒಂದು ಮಗು. ಪಾಠ ಅಲ್ಲೇ ಆಗಿಹೋಗಿತ್ತು. ಸಿದ್ಧಾಂತದ ಹೆಸರು ಕೊನೆಗೆ ಬಂತು, ಅಷ್ಟೆ. ನಾನು ಕೇಳುತ್ತಿರುವುದೂ ಅದನ್ನೇ. ಆ ಮೊದಲ ಭಾಗಕ್ಕೆ ಎರಡೂ ವರ್ಷ ಕೊಡೋಣ.

ಪಠ್ಯದಲ್ಲಿ ಆಗುವುದು ತಲೆಕೆಳಗು. ಹೆಸರು ಮೊದಲು, ಹುಟ್ಟಿದ ವರ್ಷ ಆಮೇಲೆ, ವ್ಯಾಖ್ಯೆ ಅದರ ನಂತರ, ಉದಾಹರಣೆಗೆ ಸಮಯವೇ ಉಳಿಯುವುದಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೈಮ್ ಹೇಳಿದ, ಸಮಾಜವನ್ನು ಒಟ್ಟಿಗೆ ಹಿಡಿದಿಡುವ ಎರಡು ಬಗೆಯ ಐಕ್ಯತೆಯನ್ನೇ ತೆಗೆದುಕೊಳ್ಳಿ. ಎಲ್ಲರೂ ಒಂದೇ ಥರ ಬದುಕುವ ಹಳೇ ಸಮಾಜದ್ದು ಯಾಂತ್ರಿಕ ಐಕ್ಯತೆ. ಒಬ್ಬೊಬ್ಬರದು ಒಂದೊಂದು ಕೆಲಸ, ಒಬ್ಬರಿಗೊಬ್ಬರು ಬೇಕೇಬೇಕು ಅನ್ನುವ ಹೊಸ ಸಮಾಜದ್ದು ಸಾವಯವ ಐಕ್ಯತೆ. ಕನ್ನಡದ ಮಗುವಿಗೆ ಯಾಂತ್ರಿಕ ಅಂದರೆ ಯಂತ್ರ. ಸಾವಯವ ಅಂದರೆ ಗೊಬ್ಬರ, ತರಕಾರಿ, ಹಳ್ಳಿಯ ಬೇಸಾಯ. ಹಾಗಾಗಿ ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಫ್ಯಾಕ್ಟರಿ ಇರುವ ಪಟ್ಟಣಕ್ಕೆ ಯಾಂತ್ರಿಕ, ಹಳ್ಳಿಗೆ ಸಾವಯವ ಎಂದು ಬರೆಯುತ್ತಾರೆ. ಪದವನ್ನು ನಂಬಿ ಯೋಚಿಸಿದ ಮಗುವಿಗೆ ಸೊನ್ನೆ. ಯೋಚಿಸದೆ ಗೈಡ್ ಉರು ಹೊಡೆದ ಮಗುವಿಗೆ ಪೂರ್ತಿ ಅಂಕ. ಆ ಸೊನ್ನೆ ಹಾಕುವಾಗ ನನ್ನ ಕೈ ತಡೆಯುತ್ತದೆ.

ಇದಾದರೂ ಪದದ ಗೊಂದಲ. ಇನ್ನೊಂದು ನನ್ನನ್ನು ಹೆಚ್ಚು ಕಾಡುತ್ತದೆ.

ಮೊದಲ ವರ್ಷಗಳಲ್ಲಿ ನಾನು ಸಂಸ್ಕೃತೀಕರಣದ ಪಾಠ ಮಾಡುತ್ತಿದ್ದದ್ದು ಪುಸ್ತಕದಲ್ಲಿ ಇದ್ದ ಹಾಗೆ. ಕೆಳಗಿನವು ಎನಿಸಿಕೊಂಡ ಜಾತಿಗಳು ಮೇಲಿನವರ ಊಟ, ಪೂಜೆ, ರೀತಿನೀತಿ ಅನುಸರಿಸಿ ಮೇಲೇರಲು ನೋಡುತ್ತವೆ. ಮಾಂಸ ಬಿಡುತ್ತವೆ, ಹೆಂಡ ಬಿಡುತ್ತವೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ತಾವು ಕಂಡದ್ದಕ್ಕೆ ಕೊಟ್ಟ ವಿವರಣೆಯಾಗಿ ಬರೆದರು. ಪಾಠ ಮುಗಿದ ಮೇಲೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಮೇಡಂ, ಹಾಗಾದ್ರೆ ನಮ್ಮ ಮನೆ ಊಟ ಕೆಳಗಿಂದಾ?" ಅಂದ. ನಾನು ಏನೋ ಸಮಾಧಾನ ಹೇಳಿದೆ. ಅದು ಅವನಿಗೆ ಮುಟ್ಟಲಿಲ್ಲ ಎಂದು ಅವನ ಮುಖ ನೋಡಿಯೇ ಗೊತ್ತಾಯಿತು. ಇರುವುದನ್ನು ವಿವರಿಸುವುದು ಬೇರೆ, ಅದು ಸರಿ ಅನ್ನುವುದು ಬೇರೆ. ಈ ಗೆರೆ ದೊಡ್ಡವರಿಗೇ ತಪ್ಪುತ್ತದೆ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ, ಎಂಬತ್ತು ಮಕ್ಕಳ ತರಗತಿಯಲ್ಲಿ, ಪ್ರತಿ ಮಗುವಿಗೂ ಅದು ತಿಳಿಯಿತೇ ಎಂದು ನಾನು ಹೇಗೆ ನೋಡಲಿ? ಪ್ರಬಲ ಜಾತಿಯ, ಅಂದರೆ ಊರಿನಲ್ಲಿ ಜನ, ಜಮೀನು, ಅಧಿಕಾರ ಹೆಚ್ಚಿರುವ ಜಾತಿಯ ಪಾಠದ ದಿನ ಮಕ್ಕಳು ಒಬ್ಬರನ್ನೊಬ್ಬರು ತಿರುಗಿ ನೋಡುತ್ತಾರೆ. ಆ ನೋಟ ಸಂಜೆ ಹಾಸ್ಟೆಲ್‌ಗೂ ಹೋಗುತ್ತದೆ.

ಆತ್ಮಹತ್ಯೆಯ ಬಗ್ಗೆ ಡರ್ಖೈಮ್ 1897ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಒಬ್ಬರ ಖಾಸಗಿ ನೋವು ಎಂದುಕೊಂಡದ್ದರ ಹಿಂದೆ ಸಮಾಜ ಇರುತ್ತದೆ, ಜನರೊಂದಿಗಿನ ನಂಟು ಸಡಿಲವಾದಷ್ಟೂ ಅಪಾಯ ಹೆಚ್ಚು ಎಂದು ಅವರು ತೋರಿಸಿದರು. ಆದರೆ ಸಾಲಕ್ಕೆ ಅಪ್ಪನನ್ನು ಕಳೆದುಕೊಂಡ ಮಗು ಅದೇ ಬೆಂಚಿನಲ್ಲಿ ಕೂತು ಆತ್ಮಹತ್ಯೆಯ ನಾಲ್ಕು ವಿಧಗಳನ್ನು ಹತ್ತು ಅಂಕಕ್ಕೆ ಬರೆಯಬೇಕೇ? ಮಾತಾಡಬೇಕಾದ ವಿಷಯ ಖಂಡಿತ. ವಿಧಗಳ ಪಟ್ಟಿಯಾಗಿ ಮಾತ್ರ ಬೇಡ.

ಶ್ರೀನಿವಾಸ್ ಅವರನ್ನು ನಾನು ತುಂಬಾ ಗೌರವಿಸುತ್ತೇನೆ. ಅವರಿಂದಲೇ ನನ್ನ ವಾದ ಕಲಿತದ್ದು. ಪುಸ್ತಕದಲ್ಲಿ ಕಾಣುವ ಸಮಾಜ ಬೇರೆ, ಊರಿಗೆ ಹೋಗಿ ಕಾಣುವ ಸಮಾಜ ಬೇರೆ ಎಂದು ಅವರು ಜೀವನವಿಡೀ ಹೇಳಿದರು. ಮೈಸೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿದವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹೋಗಿ ಇದ್ದರು. ಬರಹದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು, 1976ರಲ್ಲಿ ಅದು ಪುಸ್ತಕವಾಯಿತು. ಆ ಜನರ ಜೊತೆ ಬದುಕಿದ್ದರಿಂದ ತಾನೇ ಅದು ಆದದ್ದು? ಪ್ರಬಲ ಜಾತಿ ಎಂಬ ಮಾತನ್ನು ಅವರು ವಿಸ್ತರಿಸಿ ಬರೆದದ್ದು ಆ ಊರನ್ನು ಕಂಡ ಎಷ್ಟೋ ವರ್ಷದ ಮೇಲೆ. ನಾವು ಮಕ್ಕಳಿಗೆ ಆ ಮಾತನ್ನು ಮಾತ್ರ ಕೊಟ್ಟು ಊರನ್ನು ಬಿಟ್ಟುಬಿಡುತ್ತೇವೆ.

ಇಂಟರ್ನಲ್ ಅಸೆಸ್‌ಮೆಂಟಿಗೆ ಪ್ರಾಜೆಕ್ಟ್ ಇದೆಯಲ್ಲ ಎನ್ನಬಹುದು. ಹೆಚ್ಚಿನ ಕಡೆ ಅದು ನೆಟ್‌ನಿಂದ ಇಳಿಸಿ, ಬಣ್ಣದ ರಟ್ಟು ಹಾಕಿ ಕೊಡುವ ಕಡತ. ನಾನು ಕೇಳುವುದು ಬೇರೆ. ಮಗು ತನ್ನ ಬೀದಿಯ ಇಪ್ಪತ್ತು ಮನೆಗೆ ಹೋಗಲಿ. ನೀರು ಯಾರು ತರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಜಮೀನು ಯಾರ ಹೆಸರಲ್ಲಿದೆ, ಶಾಲೆ ಬಿಟ್ಟವರು ಯಾರು, ಯಾಕೆ ಅಂತ ಕೇಳಲಿ. ಬರೆದುಕೊಳ್ಳಲಿ. ಎಣಿಸಲಿ. ತನ್ನ ಲೆಕ್ಕಕ್ಕೂ ಪಕ್ಕದವನ ಲೆಕ್ಕಕ್ಕೂ ಯಾಕೆ ವ್ಯತ್ಯಾಸ ಬಂತು ಎಂದು ಜಗಳವಾಡಲಿ. ಇದು ಸುಲಭದ್ದು ಅಂತ ನನ್ನ ಗೆಳೆಯರು ತಿಳಿಯಬಾರದು. ಗೈಡಿನಲ್ಲಿ ಉತ್ತರ ಇಲ್ಲದ ಕೆಲಸ ಇದು.

ಡಿಗ್ರಿಗೆ ಹೋಗದ ಹುಡುಗಿಯರ ಬಗ್ಗೆ ಅವರು ಬರೆದ ಸಾಲುಗಳು ನನಗೆ ನಾಟಿದವು. ನನ್ನ ತರಗತಿಯಲ್ಲೂ ಅಂಥವರಿದ್ದಾರೆ. ಒಬ್ಬಳು ನೀರಿನ ಲೆಕ್ಕ ಮಾಡಿದ್ದಳು. ಹತ್ತೊಂಬತ್ತು ಮನೆ, ಎರಡು ನಲ್ಲಿ, ದಿನ ಬಿಟ್ಟು ದಿನ ನೀರು, ಹಿಡಿಯುವವರೆಲ್ಲ ಹೆಂಗಸರು. ರಿಸಲ್ಟ್ ಬಂದ ವರ್ಷವೇ ಅವಳ ಮದುವೆಯಾಯಿತು. ಕೆಲವು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು, ಕಂಕುಳಲ್ಲಿ ಮಗು. ಗಂಡನ ಊರಿನಲ್ಲಿ ಗ್ರಾಮಸಭೆಗೆ ಹೋಗಿದ್ದಳಂತೆ. ಮೇಲಿನ ಕೇರಿಗೆ ಎಷ್ಟು ನಲ್ಲಿ, ಕೆಳಗಿನ ಕೇರಿಗೆ ಎಷ್ಟು ಎಂದು ಮನೆಮನೆ ಎಣಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದಳಂತೆ. "ಮೊದಲು ಯಾರೂ ಕೇಳಿಸ್ಕೊಳ್ಲಿಲ್ಲ ಮೇಡಂ, ಎರಡನೇ ಸಲ ಜೋರಾಗಿ ಓದಿದೆ" ಎಂದಳು. ಅಷ್ಟರಲ್ಲಿ ಅವಳ ಬಸ್ ಬಂತು.