ಸುಳಿ ಸರಿ ಇಲ್ಲ

ಹೋದ ಭಾನುವಾರ ಸಿಂಧನೂರಿಗೆ ನಮ್ಮನೀಗೆ ಅಕ್ಕನ ಮಗ ಬಂದಿದ್ದ. ಊಟ ಆತು, ಸಂಜೀಗೆ ಮಿರ್ಚಿ ಮಂಡಕ್ಕಿ ಆತು, ಆಮ್ಯಾಲೆ ನಾನಾಗೇ ಕರ್ದು ಕೌಂಟರ್ ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಆಟ ಓಪನ್ ಮಾಡಿ ಅದರಾಗಿನ ನನ್ನ ಹೊಸಾ ಚಾಕು ತೋರಿಸ್ದೆ. ಚಾಕುವಿನ ಹೆಸರು ನವಾಜಾ, ಬಣ್ಣದ ಹೆಸರು ಕೇಸ್ ಹಾರ್ಡನ್ಡ್. ಪೆಟ್ರೋಲ್ ಕಾಸು ಉಳಿಸಿ ತಗೊಂಡಿದ್ದು. ಅವ ಅರ್ಧ ನಿಮಿಷ ತಿರುವ್ಯಾಡಿ ನೋಡಿ, "ಮಾಮಾ, ಪ್ಲೇಸೈಡ್‌ನಾಗ ನೀಲಿನೇ ಇಲ್ಲಲ್ಲ, ಫ್ಲೋಟ್ ಬ್ಯಾರೆ 0.16" ಅಂದು ಮೊಬೈಲ್ ಹಿಡ್ಕೊಂಡು ಕುಂತ.

ಬಂಗಾರದ ಬಣ್ಣ ಐತಿ, ನೇರಳೆ ಐತಿ, ನೋಡಾಕ ಚೆಂದೈತಿ. ಇಲ್ಲ, ಪ್ಲೇಸೈಡ್ ಅಂದ್ರ ಆಡೋವಾಗ ಕಾಣೋ ಕಡೆ, ಅಲ್ಲಿ ನೀಲಿನೇ ಬೇಕಂತ. ಫ್ಲೋಟ್ ಅಂದ್ರ ಚಾಕು ಎಷ್ಟು ಸವೆದೈತಿ ಅನ್ನೋ ನಂಬರ್, 0.07 ರಿಂದ 0.15 ಒಳಗಿದ್ರ ಮಿನಿಮಲ್ ವೇರ್, ದಾಟಿದ್ರ ಫೀಲ್ಡ್ ಟೆಸ್ಟೆಡ್, ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಾಗ 34 ಬಂದಂಗ. ಆ ಒಂದು ಪಾಯಿಂಟಿನ ಗೀರು ಎಲ್ಲೈತಿ ತೋರ್ಸಪಾ ಅಂದ್ರ ಭೂತಗನ್ನಡಿ ಹಿಡಿದ್ರೂ ಅವನಿಗೆ ಸಿಗಂಗಿಲ್ಲ.

ಅವ ತಿರುವ್ಯಾಡಿ ನೋಡಿದ್ದು ಥೇಟ್ ನಮ್ಮ ತಾತ ಎತ್ತು ನೋಡಿದಂಗ ಇತ್ತು. ದನದ ಸಂತ್ಯಾಗ ತಾತ ಮೊದಲು ಬಾಯಿ ಬಿಡ್ಸಿ ಹಲ್ಲು ಎಣಿಸ್ತಿದ್ದ, ನಾಕ್ ಹಲ್ಲೋ ಆರ್ ಹಲ್ಲೋ, ಆಮ್ಯಾಲೆ ಗೊರಸು, ಬಾಲ, ನಡಿಗಿ, ಎಲ್ಲಾ ಮುಗಿದ ಮ್ಯಾಲೆ ಸುಳಿ. ಮೈಮ್ಯಾಲ ಕೂದಲು ಸುತ್ತಿರೋ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ, ಅದು ಎಲ್ಲಿ ಐತಿ ಅನ್ನೋದರ ಮ್ಯಾಲ ಇಡೀ ಮನೀ ಏಳಿಗಿ ನಿಂತಿತ್ತು. ಸುಳಿ ಪಾಸಾದ್ರ ದಲಾಲಿ ಕೈಮ್ಯಾಲ ಟವೆಲ್ ಹಾಕಿ ಒಳಗ ಬೆರಳು ಹಿಡಿದು ರೇಟು ಮಾತಾಡ್ತಿದ್ದ, ನಾ ಒಮ್ಮೆ ಆ ಟವೆಲ್ ಎತ್ತಿ ನೋಡಾಕ ಹೋಗಿ ಏಟು ತಿಂದೀನಿ.

ಒಂದು ವರ್ಷ ಒಂದು ಬಿಳಿ ಎತ್ತು, ಎಲ್ಲಾ ಒಪ್ಪಿಗಿ ಆಗಿ ಬೆರಳೂ ಹಿಡಿದಾಗಿತ್ತು, ಕಡೀ ಗಳಿಗ್ಯಾಗ ತಾತ ಹಿಂದಿನ ತೊಡಿ ಕಡೆ ಬಗ್ಗಿ ನೋಡಿ "ಸುಳಿ ಸರಿ ಇಲ್ಲ" ಅಂದು ಎದ್ದುಬಿಟ್ಟ. ಅದನ್ನ ತಗೊಂಡಿದ್ದು ಯಾರು, ನಮ್ಮ ಓಣಿಯವರೇ. ಎಡದಂಡಿ ಕಾಲುವಿ ನೀರು ಬಿಟ್ಟಾಗಿಂದ ಭತ್ತ ಮನೀಗೆ ಬರೋತನಕ ಆ ಎತ್ತು ಒಂಬತ್ತು ವರ್ಷ ದುಡೀತು, ದಿನಾ ಮುಂಜಾನೆ ಗೆಜ್ಜಿ ಸಪ್ಪಳ ಮಾಡ್ಕೋತ ನಮ್ಮ ಬಾಗ್ಲ ಮುಂದನೇ ಹೋಗ್ತಿತ್ತು, ತಾತ ಆ ಟೈಮಿಗೆ ಸರಿಯಾಗಿ ಪೇಪರ್ ಮುಖಕ್ಕ ಹಿಡೀತಿದ್ದ. ತಾತಗ ಓದಾಕ ಬರ್ತಿದ್ದಿಲ್ಲ. ಸುಳಿ ಸರಿ ಇದ್ದ ನಮ್ಮ ಎತ್ತು ಎರಡನೇ ವರ್ಷಕ್ಕೇ ಕೆಸರುಗದ್ದ್ಯಾಗ ಮಲಗಿಬಿಡ್ತು, ಬಾಲ ತಿರುವಿದ್ರೂ ಏಳಲಿಲ್ಲ. ಕೇಳಿದ್ರ ತಾತ, "ಸುಳಿ ಸುಳ್ಳಲ್ಲ, ಎತ್ತು ಸುಳ್ಳು" ಅಂದ.

ಏನೋ ಹೇಳಾಕ ಹೊಂಟಿದ್ದೆ. ಹಾಂ, ಪ್ಯಾಟರ್ನ್. ಬಣ್ಣ ಚಾಕು ಮ್ಯಾಲ ಎಲ್ಲೆಲ್ಲಿ ಬೀಳ್ತೈತಿ ಅನ್ನೋದಕ್ಕ 0 ಯಿಂದ 1000 ತನಕ ನಂಬರ್, ಕರಾಂಬಿಟ್ ಅನ್ನೋ ಬಾಗಿದ ಚಾಕುವಿನಾಗ 387 ಬಂದ್ರ ಪೂರಾ ನೀಲಿ, ಅದರ ರೇಟಿಗೆ ಇಲ್ಲಿ ಹೊಲ ಬರ್ತೈತಿ. ಅದರ ಫೋಟೋ ತೋರಿಸಿದ್ರ ಅವ್ವ, "ಕುಡಗೋಲು ಹಣಿಸಾಕ ಕೊಟ್ಟಿದ್ದೇನು" ಅಂದ್ಲು. ಆಟದಾಗಿನ ಕೇಸ್ ಅನ್ನೋ ಡಬ್ಬಿ ತೆಗೆದು ಚಾಕು ಬರೋದು 400 ಕ್ಕ ಒಂದು, ಕೀಲಿಗೆ ಎರಡೂವರೆ ಡಾಲರ್, ಮಾರಾಕ ಹೋದ್ರ ಮಾರ್ಕೆಟ್‌ನಾಗ 15 ಪರ್ಸೆಂಟ್ ಮುರ್ಕೊಂತಾರ. ನಮ್ಮ ದಲಾಲಿ ಅದಕ್ಕಿಂತ ಕಮ್ಮಿ ತಗೊಂಡು ಮ್ಯಾಲ ಚಾ ಕುಡಿಸ್ತಿದ್ದ.

2025ರ ಅಕ್ಟೋಬರ್‌ನಾಗ ಐದು ಕೆಂಪು ಸ್ಕಿನ್, ಅಂದ್ರ ಬಂದೂಕಿಗೆ ಹಾಕೋ ದುಬಾರಿ ಬಣ್ಣ, ಕೊಟ್ರ ಒಂದು ಚಾಕು ಅಂತ ಅಪ್‌ಡೇಟ್ ಬಂದು ರಾತ್ರೋರಾತ್ರಿ ರೇಟು ಮಕಾಡೆ ಬಿದ್ವು. ಅಳಿಯನ ಬಟರ್‌ಫ್ಲೈ ಚಾಕು ಅರ್ಧಕ್ಕ ಇಳೀತು. ಫೋನ್ ಮಾಡಿ ಸಮಾಧಾನ ಹೇಳಿದೆ, ಹೇಳೋವಾಗ ಒಳಗ ಎಷ್ಟು ಖುಷಿ ಆತು ಅಂದ್ರ, ಬರ್ಯಾಕ ನಾಚಿಕಿ ಆಗ್ತೈತಿ. ನಾ ನವಾಜಾ ತಗೊಂಡಿದ್ದೇ ಆ ಬಿದ್ದ ರೇಟಿನಾಗ. ಆದ್ರೂ ಅವನ ಗತ್ತು ಇಳಿದಿಲ್ಲ ನೋಡ್ರಿ.

ಅವ ಊರಿಗೆ ಹೋದ ಮ್ಯಾಲೆ ರಾತ್ರಿ ಒಬ್ನೇ ಕುಂತು ಚಾಕು ಹಿಂದ ತಿರುಗಿಸಿ ನೋಡ್ದೆ. ಆ ಕಡೆ ತುದಿಯಿಂದ ನಡುಮಟ ಚೆಂದ ನೀಲಿ ಐತಿ. ಆ ಕಡೆ ಆಡೋವಾಗ ಕಾಣಂಗಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಅವನಿಗೆ ಕಳ್ಸಾಕ ಹೋದೆ, ಏನಂತಾನ ಗೊತ್ತಿತ್ತು, ಡಿಲೀಟ್ ಮಾಡ್ದೆ.