ಮುಯ್ಯಿ ಲೆಕ್ಕ ಮತ್ತು ಮತ್ತಾಯ 18

ನಮ್ಮ ಮಲೆನಾಡಲ್ಲಿ ‘ಮುಯ್ಯಿ’ ಅನ್ನೋ ಮಾತಿಗೆ ಎರಡು ಮುಖ. ಇವತ್ತು ನೀವು ನಮ್ಮನೆಗೆ ಅಡಿಕೆ ಸುಲಿಯಲು ಬಂದರೆ ನಾಳೆ ನಾವು ನಿಮ್ಮನೆಗೆ. ಅದು ಮುಯ್ಯಾಳು. ನೀವು ಬೇಲಿ ಒಂದು ಗಜ ಈಚೆ ತಳ್ಳಿದಿರಿ ಅಂತ ನಾನು ನಿಮ್ಮ ತೋಟದ ನೀರು ಕಟ್ಟಿದರೆ ಅದೂ ಮುಯ್ಯಿಯೇ. ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ, ಮುಯ್ಯಿ ತೀರಿಸುವುದು ನನ್ನ ಕೆಲಸ ಅಂತಾನೆ ದೇವರು. ಲೆಕ್ಕವೇ ಇಲ್ಲ ಅಂತ ಅಲ್ಲಿ ಹೇಳಿಲ್ಲ. ಲೆಕ್ಕದ ಪುಸ್ತಕ ಇತ್ತ ಕೊಡು ಅಂದಿದ್ದಾನೆ, ಅಷ್ಟೇ.

ಇದನ್ನು ಬಿಟ್ಟು ‘ಕ್ಷಮಿಸು, ಮರೆತುಬಿಡು’ ಅಂತ ಬೋಧಿಸುವವರ ಮೇಲೆ ನನಗೆ ತಕರಾರಿದೆ. ಮತ್ತಾಯನ ಸುವಾರ್ತೆ 18ರಲ್ಲಿ ಯೇಸು ಹೇಳಿದ ಸಾಮತಿಯನ್ನೇ, ಅಂದರೆ ದೃಷ್ಟಾಂತ ಕಥೆಯನ್ನೇ ನೋಡಿ. ಅರಸನಿಗೆ ಸೇವಕ ಕೊಡಬೇಕಿದ್ದದ್ದು 10,000 ತಲಾಂತು. ಆ ಸೇವಕನಿಗೆ ಜೊತೆಯವನಿಂದ ಬರಬೇಕಿದ್ದದ್ದು 100 ದಿನಾರಿ. ಅರಸ ಅಷ್ಟು ದೊಡ್ಡ ಸಾಲ ಮನ್ನಾ ಮಾಡಿದ, ಸೇವಕ ಮಾತ್ರ ತನ್ನ ಸಾಲಕ್ಕಾಗಿ ಜೊತೆಯವನನ್ನು ಸೆರೆಗೆ ಹಾಕಿಸಿದ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ದಿನಗೂಲಿ 600 ರೂಪಾಯಿ ಅಂತ ಹಿಡಿದರೆ ಮೊದಲ ಸಾಲ 3,600 ಕೋಟಿ, ಎರಡನೆಯದು 60,000. ಪ್ರಸಂಗಗಳಲ್ಲಿ ಆ 100 ದಿನಾರಿಯನ್ನು ಚಿಲ್ಲರೆ ಕಾಸು ಮಾಡಿಬಿಡುತ್ತಾರೆ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡನಿಗೆ, ಸುಲಿಯೋ ಹೆಂಗಸಿಗೆ 60,000 ಚಿಲ್ಲರೆಯಾ? ಅದು ಒಂದು ಸುಗ್ಗಿಯ ದುಡಿಮೆ. ನಿಮಗಾದ ನಷ್ಟ ನಿಜವಾದದ್ದು ಅಂತ ಯೇಸುಸ್ವಾಮಿ ಒಪ್ಪಿಕೊಂಡೇ ಬಿಡು ಅಂತಾರೆ.

ಹಾಗಾಗಿ ಮೊದಲು ನಷ್ಟವನ್ನು ಅಳೆಯಿರಿ. ಏನು ಹೋಯಿತು? ಜಾಗವಾ, ಹಣವಾ, ನಾಲ್ಕು ಜನರ ಮುಂದೆ ಮಾನವಾ? ಒಂದು ಚೀಟಿಯಲ್ಲಿ ಬರೆಯಿರಿ. ಅಳೆಯದೆ ಕ್ಷಮಿಸಿದ್ದು ಮುಂದಿನ ಹಬ್ಬದ ಊಟದಲ್ಲಿ ಬಾಯಿಗೆ ಬಂದೇ ಬರುತ್ತದೆ.

ಆಮೇಲೆ ಅದೇ ಅಧ್ಯಾಯದ 15ರಿಂದ 17ನೇ ವಚನ. ಮೊದಲು ಒಬ್ಬರೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮಾಡುವುದು ಪೂರಾ ತಲೆಕೆಳಗು! ಭಾನುವಾರ ಪೂಜೆ ಮುಗಿಯುತ್ತಲೇ ಚರ್ಚಿನ ಅಂಗಳದಲ್ಲಿ ಎಲ್ಲರಿಗೂ, ಸಂಜೆ ಫಾದರ್‌ಗೆ, ರಾತ್ರಿ ವಾಟ್ಸಾಪ್ ಗ್ರೂಪಿಗೆ. ಆ ಮನುಷ್ಯನಿಗೆ ಗೊತ್ತಾಗುವುದು ಕಡೆಗೆ, ಅದೂ ನೋಟಿಸಿನಿಂದ. ಅಷ್ಟು ಹೊತ್ತಿಗೆ ಅವನಿಗೂ ಬಿಟ್ಟುಕೊಡಲಾಗದ ಮಾನದ ಪ್ರಶ್ನೆ.

ಕ್ಷಮೆ ಅಂದರೆ ಕೇಸು ವಾಪಸ್ ಅಂತ ಅರ್ಥವಲ್ಲ. ಬೇಲಿ ಸರಿಸಿದವನನ್ನು ಕ್ಷಮಿಸಿ, ಸರ್ವೆಯವರು ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೂ ಅರ್ಜಿ ಹಾಕಿ. ನೆರೆಯವನ ಗಡಿಕಲ್ಲು ಸರಿಸುವವನಿಗೆ ಶಾಪವಿದೆ ಅಂತ ಬೈಬಲ್‌ನ ಧರ್ಮೋಪದೇಶಕಾಂಡ 27ರಲ್ಲೇ ಇದೆಯಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಅಂದರು. ಮೊಕದ್ದಮೆ ತನ್ನ ಪಾಡಿಗೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಕೆಯ ಕ್ಷಮೆ ಅದರಿಂದ ಸುಳ್ಳಾಗಲಿಲ್ಲ.

ಕುಡಿದು ಹೊಡೆಯುವ ಗಂಡನ ವಿಷಯದಲ್ಲಂತೂ ‘ಹೊಂದಿಕೊಂಡು ಹೋಗಮ್ಮ’ ಅನ್ನುವುದು ಪಾಪ. ಅವಳು ಒಬ್ಬಳೇ ಹೋಗಿ ಮಾತಾಡುವ ಮೆಟ್ಟಿಲು ಅಲ್ಲಿಲ್ಲ. ಮೊದಲು ಅವಳು ಸುರಕ್ಷಿತ ಜಾಗ ಸೇರಲಿ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣವನ್ನು ಚರ್ಚಿನೊಳಗೇ ಮುಗಿಸುವುದು, ಅಂಥ ದೌರ್ಜನ್ಯದಿಂದ ಮಕ್ಕಳನ್ನು ಕಾಯಲೆಂದೇ ಇರುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು.

ತಪ್ಪು ಮಾಡಿದವರಿಗೂ ಪಾಲಿದೆ. ಬೈಬಲ್‌ನಲ್ಲಿ ಬರುವ ಸುಂಕದವನು ಜಕ್ಕಾಯ ಬರೀ ಸಾರಿ ಅನ್ನಲಿಲ್ಲ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಪಾಪನಿವೇದನೆಗೆ ಮೊಣಕಾಲೂರಿ ಬಂದು, ಬೇಲಿಯನ್ನು ಸರಿಸಿದಲ್ಲೇ ಬಿಟ್ಟರೆ ಏನು ಬಂತು?

ಇನ್ನು ಆ ಮೊದಲ ಭೇಟಿ. ಸಾವಿನ ಮನೆಯಲ್ಲಿ ಬೇಡ, ಮದುವೆ ಚಪ್ಪರದಲ್ಲೂ ಬೇಡ. ಬೆಳಿಗ್ಗೆ, ಅವರ ಮನೆಯಲ್ಲೇ, ಅವರು ತೋಟಕ್ಕಿಳಿಯುವ ಮುಂಚೆ. ‘ನಾನು ನಿನ್ನ ಕ್ಷಮಿಸಿದ್ದೀನಿ’ ಅಂತ ಶುರುಮಾಡಬೇಡಿ. ತಪ್ಪು ಒಪ್ಪಿಕೊಳ್ಳದವನ ಕಿವಿಗೆ ಅದು ಬೈಗುಳ. ‘ಈ ಕಲ್ಲಿನ ವಿಷಯ ಮಾತಾಡಬೇಕಿತ್ತು ಮಾರಾಯ’ ಅಂದರೆ ಸಾಕು. ಹಳೆಯ ಹತ್ತು ವಿಷಯ ತೆಗೆಯಬೇಡಿ, ಚೀಟಿಯಲ್ಲಿ ಬರೆದದ್ದು ಮಾತ್ರ. ಕಾಫಿ ಕೊಟ್ಟರೆ ಕುಡಿಯಿರಿ. ಕೊಡದೆ ಕಳಿಸಿದರೆ ಅಂಗಳದಲ್ಲಿ ಕೂಗಾಡದೆ ಬನ್ನಿ, ಎರಡನೇ ಮೆಟ್ಟಿಲು ಇನ್ನೂ ಇದೆ. ಅದಕ್ಕೆ ನಿಮ್ಮ ಭಾವನನ್ನು ಕರೆದುಕೊಂಡು ಹೋಗಬೇಡಿ. ಅವರೂ ನಂಬುವಂಥ ಒಬ್ಬರನ್ನು ಹುಡುಕಿ.