ಟ್ಯಾಗೇ ಇಲ್ಲದ ಟ್ಯಾಗ್ ಪಂದ್ಯ: 2001ರ ಟಿಎಲ್‌ಸಿಗೆ ಮೊದಲ ಸ್ಥಾನ ಕೊಡಬೇಕೇ?

2001ರ ಏಪ್ರಿಲ್ 1, ಅಮೆರಿಕದ ಹ್ಯೂಸ್ಟನ್. ಆಸ್ಟ್ರೋಡೋಮ್ ಸ್ಟೇಡಿಯಂನಲ್ಲಿ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನ (ಈಗಿನ ಡಬ್ಲ್ಯೂಡಬ್ಲ್ಯೂಇ) ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ. ರಿಂಗಿನಲ್ಲಿ ಮೂರು ಜೋಡಿ. ಸುತ್ತ ಮೇಜು, ಏಣಿ, ಕುರ್ಚಿ. ಮೇಲೆ ತೂಗುವ ಎರಡು ಚಾಂಪಿಯನ್ ಬೆಲ್ಟ್, ಏಣಿ ಹತ್ತಿ ಅವನ್ನು ಕೆಳಗಿಳಿಸಿದ ಜೋಡಿಗೆ ಗೆಲುವು. ಇದೇ ಟಿಎಲ್‌ಸಿ. ಹಳೆಯ ಟ್ಯಾಗ್ ಟೀಮ್ (ಜೋಡಿ ಕುಸ್ತಿ) ಪಂದ್ಯಗಳ ಮಾತು ಬಂದಾಗ ಇದಕ್ಕೆ ಮೊದಲ ಸ್ಥಾನ ಕೊಡುವವರು ಬಹಳ ಜನ. ಕೊಡಬೇಕೇ?

ಪರ: ಆ ಒಂದು ಜಿಗಿತಕ್ಕೇ ಕೊಡಬಹುದು

ಮೊದಲೇ ಹೇಳಿಬಿಡುತ್ತೇನೆ. ಈ ಪಂದ್ಯದ ವಿಷಯದಲ್ಲಿ ತಕ್ಕಡಿ ಹಿಡಿದು ತೂಗುವುದು ನನಗೆ ಬರುವುದಿಲ್ಲ. ಕೇಬಲ್ ಟಿವಿಯಲ್ಲಿ ಇದನ್ನು ನೋಡಿದ ಬೇಸಿಗೆ ರಜೆಯಲ್ಲೇ, ಸುಣ್ಣ ಹೊಡೆಯುವವರು ಅಂಗಳದಲ್ಲಿ ಬಿಟ್ಟುಹೋಗಿದ್ದ ಏಣಿಯನ್ನು ಒಳಗೆ ತಂದು, ಮೂರನೇ ಮೆಟ್ಟಿಲಿನಿಂದ ತಮ್ಮನ ಮೇಲೆ ಹಾರಿ, ಮಂಚದ ಹಲಗೆ ಮುರಿದವನು ನಾನು. ತಮ್ಮ ಪಕ್ಕಕ್ಕೆ ಉರುಳಿ ಬಚಾವಾದ. ಅಪ್ಪ ಹಲಗೆಗೆ ಮೊಳೆ ಹೊಡೆಯುತ್ತಾ ‘ಅದೆಲ್ಲ ಬರೀ ನಾಟಕ ಕಣೋ’ ಅಂದರು. ನಾಟಕ ಅಂತ ನಮಗೂ ಗೊತ್ತಿತ್ತು. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ರಾತ್ರಿಯೆಲ್ಲ ಕೂತು ಆಟ ನೋಡುವುದಿಲ್ವಾ?

ಈ ಪಂದ್ಯವನ್ನು ಸರ್ಕಸ್ ಅನ್ನುವವರು ಸಾಮಾನ್ಯವಾಗಿ ಅದರ ಐದಾರು ತುಣುಕು ಮಾತ್ರ ನೋಡಿರುತ್ತಾರೆ. ಇದರ ಕಥೆ ಶುರುವಾದದ್ದು 1999ರ ಅಕ್ಟೋಬರ್‌ನಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ನೋ ಮರ್ಸಿ ಕಾರ್ಯಕ್ರಮದಲ್ಲಿ. ಒಂದು ಕಡೆ ಮ್ಯಾಟ್ ಮತ್ತು ಜೆಫ್ ಹಾರ್ಡಿ, ನಿಜವಾದ ಅಣ್ಣತಮ್ಮಂದಿರು. ಇನ್ನೊಂದು ಕಡೆ ಎಡ್ಜ್ ಮತ್ತು ಕ್ರಿಶ್ಚಿಯನ್, ಬಾಲ್ಯದ ಗೆಳೆಯರು, ಟಿವಿಯಲ್ಲಿ ಅಣ್ಣತಮ್ಮಂದಿರು. ನಡುವೆ ಒಂದು ಏಣಿ. ಆ ರಾತ್ರಿ ಕಳೆಯುವ ಹೊತ್ತಿಗೆ ನಾಲ್ವರೂ ಸ್ಟಾರ್ ಆಗಿದ್ದರು. 2000ದ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾರ್ಡಿಗಳು ಮತ್ತು ಮೂರನೇ ಜೋಡಿ ಡಡ್ಲಿಗಳು (ಬಬ್ಬಾ ರೇ ಮತ್ತು ಡಿ-ವಾನ್) ಸೇರಿ ಮೇಜುಗಳನ್ನು ಪುಡಿ ಮಾಡಿದರು. ಏಪ್ರಿಲ್‌ನಲ್ಲಿ ಅನಾಹೈಮ್‌ನ ರೆಸಲ್‌ಮೇನಿಯಾದಲ್ಲಿ ಮೂರೂ ಜೋಡಿಗಳು ಒಟ್ಟಿಗೆ ಏಣಿ ಹತ್ತಿದವು. ಆಗಸ್ಟ್‌ನಲ್ಲಿ ರಾಲಿಯ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮೊದಲ ಟಿಎಲ್‌ಸಿ. ರಾಲಿ ಇರುವುದು ಹಾರ್ಡಿಗಳ ಸ್ವಂತ ರಾಜ್ಯ ನಾರ್ತ್ ಕೆರೊಲಿನಾದಲ್ಲಿ. ಊರಿನವರ ಮುಂದೆಯೇ ಅವರು ಸೋತರು, ಬೆಲ್ಟ್ ಎಡ್ಜ್–ಕ್ರಿಶ್ಚಿಯನ್ ಕೈಯಲ್ಲೇ ಉಳಿಯಿತು. ಹೀಗೆ ಒಂದೂವರೆ ವರ್ಷದ ಹಳೇ ಬಾಕಿ ಹೊತ್ತು ಆರು ಜನ ಹ್ಯೂಸ್ಟನ್‌ಗೆ ಬಂದರು. ಆ ಹೊತ್ತಿಗೆ ಬೆಲ್ಟ್ ಡಡ್ಲಿಗಳ ಹತ್ತಿರ ಇತ್ತು.

ಟಿಎಲ್‌ಸಿ ಎಂದರೆ ಟೇಬಲ್ಸ್, ಲ್ಯಾಡರ್ಸ್, ಚೇರ್ಸ್. ಸುಮ್ನೆ ಸಿಕ್ಕಿದ ಸಾಮಾನು ತಂದು ಹಾಕಿದ್ದಲ್ಲ ಇದು. ಮೇಜು ಡಡ್ಲಿಗಳದು. ಬಬ್ಬಾ ರೇ ‘ಮೇಜು ತಗೊಂಡು ಬಾ’ ಅಂತ ಡಿ-ವಾನ್‌ಗೆ ಕೂಗಿದರೆ ಇಡೀ ಸ್ಟೇಡಿಯಂ ಜೊತೆಗೂಡಿ ಕೂಗುತ್ತಿತ್ತು. ಏಣಿ ಹಾರ್ಡಿಗಳದು. ಕುರ್ಚಿ ಎಡ್ಜ್ ಮತ್ತು ಕ್ರಿಶ್ಚಿಯನ್‌ರದು. ಎರಡು ಕಡೆಯಿಂದ ಎರಡು ಕುರ್ಚಿ ಬೀಸಿ, ನಡುವೆ ಸಿಕ್ಕವನ ತಲೆಯ ಮೇಲೆ ಜಾಗಟೆ ಬಾರಿಸಿದ ಹಾಗೆ ಮಾಡುವುದು ಅವರ ಪಟ್ಟು. ಅಂದರೆ ಒಂದೊಂದು ಜೋಡಿ ತನ್ನ ತನ್ನ ಕಸುಬಿನ ಉಪಕರಣ ಹಿಡಿದು ಬಂದಿತ್ತು. ಸಹಾಯಕ್ಕೆ ಬಂದವರೂ ಅಷ್ಟೇ. ಡಡ್ಲಿಗಳಿಗೆ ಪುಟಾಣಿ ಸ್ಪೈಕ್, ಎಡ್ಜ್–ಕ್ರಿಶ್ಚಿಯನ್‌ಗೆ ಗೂಳಿಯಂಥ ರೈನೊ, ಹಾರ್ಡಿಗಳಿಗೆ ಲೀಟಾ. ಜನ ಜಾಸ್ತಿಯಾದರು ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಿಲ್ಲ. ದಾಯಾದಿ ಜಗಳದಲ್ಲಿ ಕೊನೆಗೆ ಮನೆಮಂದಿಯೆಲ್ಲ ಬೀದಿಗೆ ಬರುವುದೇ ತಾನೇ?

ಇನ್ನು ಆ ಜಿಗಿತ. ಜೆಫ್ ಹಾರ್ಡಿ ಬೆಲ್ಟ್ ಹಿಡಿದಿದ್ದಾನೆ. ಕಾಲಡಿಯ ಏಣಿಯನ್ನು ಯಾರೋ ಎಳೆದುಬಿಡುತ್ತಾರೆ. ಅವನು ಅಲ್ಲೇ ತೂಗಾಡುತ್ತಾನೆ, ಪಂಜರದಿಂದ ನೇತಾಡುವ ಕೋತಿಮರಿಯ ಹಾಗೆ. ಅತ್ತ ಎಡ್ಜ್ ಇನ್ನೊಂದು ಎತ್ತರದ ಏಣಿಯ ತುದಿಯಲ್ಲಿದ್ದಾನೆ. ಅಲ್ಲಿಂದ ಹಾರಿ, ಗಾಳಿಯಲ್ಲೇ ಜೆಫ್‌ನ ಹೊಟ್ಟೆಗೆ ಭುಜ ಕೊಟ್ಟು, ಅವನನ್ನು ತಬ್ಬಿಕೊಂಡೇ ಕೆಳಗೆ ಬೀಳುತ್ತಾನೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ಹಾರುವ ಮುಂಚಿನ ಆ ಅರೆಕ್ಷಣದಲ್ಲಿ ಉಸಿರು ಬಿಗಿಹಿಡಿಯುತ್ತೇನೆ.

‘ಅದರಲ್ಲಿ ಟ್ಯಾಗೇ ಇಲ್ಲವಲ್ಲ’ ಅನ್ನುವ ತಕರಾರು ನನಗೆ ಗೊತ್ತು. ಜೊತೆಗಾರನ ಕೈಗೆ ಕೈ ತಟ್ಟಿ ರಿಂಗಿನೊಳಗಿನ ಸರದಿ ಬದಲಿಸುವುದು ಟ್ಯಾಗ್. ಸರಿ. ಆದರೆ ಒಬ್ಬ ಮೇಜು ಹಾಕುತ್ತಾನೆ, ಇನ್ನೊಬ್ಬ ಅದರ ಮೇಲೆ ಎದುರಾಳಿಯನ್ನು ಮಲಗಿಸುತ್ತಾನೆ. ಒಬ್ಬ ಏಣಿ ಹತ್ತುತ್ತಾನೆ, ಇನ್ನೊಬ್ಬ ಬುಡ ಕಾಯುತ್ತಾನೆ. ಒಂಟಿಯಾಗಿ ಏಣಿ ಹತ್ತಿದವನು ಆ ರಾತ್ರಿ ಕೆಳಗೆ ಬಿದ್ದ, ಅಷ್ಟೇ. ಜೊತೆಗಾರಿಕೆ ತೋರಿಸಲು ಇದಕ್ಕಿಂತ ಇನ್ನೇನು ಬೇಕು?

ಇನ್ನೊಂದು ವಿಷಯ. ಆ ದಿನ ಆ ಆರೂ ಜನರಲ್ಲಿ ಯಾರಿಗೂ 30 ತುಂಬಿರಲಿಲ್ಲ. ಜೆಫ್‌ಗೆ 23. ಅದೇ ಸಂಜೆಯ ಕೊನೆಯ ಪಂದ್ಯ ಸ್ಟೋನ್ ಕೋಲ್ಡ್ ಆಸ್ಟಿನ್ ಮತ್ತು ರಾಕ್ ನಡುವೆ. ಕಂಪನಿ ಹೇಳಿದ ಲೆಕ್ಕದಂತೆ 67,925 ಜನ ಸೇರಿದ್ದು ಹೆಚ್ಚಾಗಿ ಅವರಿಬ್ಬರಿಗಾಗಿಯೇ. ಅಂಥ ದಿನದಲ್ಲೂ ಮನೆಗೆ ಹೋಗುವಾಗ ಜನರ ಬಾಯಲ್ಲಿ ಟ್ಯಾಗ್ ಪಂದ್ಯದ ಮಾತಿತ್ತು ಎಂದರೆ, ಮೊದಲ ಸ್ಥಾನ ಬೇರೆ ಯಾರಿಗೆ ಕೊಡುತ್ತೀರಿ?

ವಿರೋಧ: ಮೂಲೆಯಲ್ಲಿ ನಿಂತವನನ್ನು ನೋಡಿ

ಮಂಚದ ಹಲಗೆ ಮುರಿದವರ ಜೊತೆ ವಾದ ಮಾಡುವುದು ಕಷ್ಟ. ನಾನೂ ಆ ಪಂದ್ಯವನ್ನು ಹತ್ತಾರು ಸಲ ನೋಡಿದ್ದೇನೆ, ಒಮ್ಮೆಯೂ ಬೇಜಾರಾಗಿಲ್ಲ. ಅದು ಅದ್ಭುತ. ಆದರೆ ಒಳ್ಳೆಯ ಬಿರಿಯಾನಿಗೆ ಹೋಳಿಗೆಯ ಸ್ಪರ್ಧೆಯಲ್ಲಿ ಬಹುಮಾನ ಕೊಡಬೇಕೇ ಅನ್ನುವುದಷ್ಟೇ ನನ್ನ ಪ್ರಶ್ನೆ.

ಹಳೆಯ ಪಂದ್ಯಗಳಿಗೆ ನಕ್ಷತ್ರ ಹಾಕುವವರು ಇದ್ದಾರೆ. ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ತಮ್ಮ ಪತ್ರಿಕೆಯಲ್ಲಿ ಹಾಕುತ್ತಾ ಬಂದ ನಕ್ಷತ್ರಗಳ ಮೇಲೆ ಅಭಿಮಾನಿಗಳು ಈಗಲೂ ಜಗಳ ಆಡುತ್ತಾರೆ. ನನ್ನ ಅಳತೆ ಬೇರೆ. ಟ್ಯಾಗ್ ಪಂದ್ಯ ನೋಡುವಾಗ ಒದೆ ತಿನ್ನುವವನನ್ನು ಬಿಟ್ಟು ಮೂಲೆಯಲ್ಲಿ ನಿಂತವನನ್ನು ನೋಡುತ್ತೇನೆ. ಅವನ ಕೈಯಲ್ಲಿ ಒಂದು ಮೊಳದಷ್ಟು ದಾರ ಇರುತ್ತದೆ, ಕಂಬಕ್ಕೆ ಕಟ್ಟಿದ್ದು. ಅದನ್ನು ಬಿಡುವ ಹಾಗಿಲ್ಲ. ಹಗ್ಗದ ಆಚೆಯೇ ನಿಲ್ಲಬೇಕು. ಎದುರಿಗೆ ಗೆಳೆಯ ಸಾಯಹೊಡೆಸಿಕೊಳ್ಳುತ್ತಿದ್ದರೂ ಅವನ ಅಂಗೈ ತನ್ನ ಅಂಗೈಗೆ ತಗಲುವವರೆಗೆ ಒಳಗೆ ಕಾಲಿಡುವಂತಿಲ್ಲ. ಇಡೀ ಟ್ಯಾಗ್ ಕುಸ್ತಿ ನಿಂತಿರುವುದು ಈ ಕಾಯುವಿಕೆಯ ಮೇಲೆ. ಟಿಎಲ್‌ಸಿಯಲ್ಲಿ ಯಾರೂ ಕಾಯುವುದಿಲ್ಲ. ಆರು ಜನ ಒಟ್ಟಿಗೆ ಒಳಗಿದ್ದಾರೆ.

ಕಾಯುವುದು ಅಂದರೆ ಏನು ಅಂತ ತಿಳಿಯಬೇಕಾದರೆ 1980ರ ದಶಕದ ರಾಕ್ ಎನ್ ರೋಲ್ ಎಕ್ಸ್‌ಪ್ರೆಸ್ ಮತ್ತು ಮಿಡ್‌ನೈಟ್ ಎಕ್ಸ್‌ಪ್ರೆಸ್ ಎಂಬ ಜೋಡಿಗಳ ಜಗಳ ನೋಡಬೇಕು. 1984ರಲ್ಲಿ ಅಮೆರಿಕದ ದಕ್ಷಿಣದ ಮಿಡ್-ಸೌತ್ ಕಂಪನಿಯಲ್ಲಿ ಶುರುವಾಗಿ ಮುಂದೆ ಬೇರೆ ಬೇರೆ ಕಂಪನಿಗಳಲ್ಲಿ ವರ್ಷಗಟ್ಟಲೆ ನಡೆದದ್ದು. ಒಳ್ಳೆಯವರ ಕಡೆ ರಿಕಿ ಮಾರ್ಟನ್ ಮತ್ತು ರಾಬರ್ಟ್ ಗಿಬ್ಸನ್. ಕೆಟ್ಟವರ ಕಡೆ ಬಾಬಿ ಈಟನ್ ಮತ್ತು ಡೆನಿಸ್ ಕಾಂಡ್ರಿ. ಕಾಂಡ್ರಿ ಹೋದ ಮೇಲೆ ಸ್ಟಾನ್ ಲೇನ್. ಅವರ ಮ್ಯಾನೇಜರ್ ಜಿಮ್ ಕಾರ್ನೆಟ್, ಕೈಯಲ್ಲಿ ಸದಾ ಒಂದು ಟೆನಿಸ್ ರಾಕೆಟ್, ಬಾಯಿಗೆ ಬ್ರೇಕೇ ಇಲ್ಲ.

ಇವರ ಪಂದ್ಯ ಸಾಗುವ ಬಗೆ ನೋಡಿ. ಮೊದಲು ಒಳ್ಳೆಯವರದೇ ಆಟ. ಜನ ನಗುತ್ತಾರೆ, ಕಾರ್ನೆಟ್ ಕಿರುಚುತ್ತಾನೆ. ಆಮೇಲೆ ರೆಫರಿ ಅತ್ತ ತಿರುಗಿದಾಗ ಒಂದು ಮೋಸದ ಏಟು. ಮಾರ್ಟನ್ ಕೆಳಗೆ ಬಿದ್ದ. ಅವನು ಗಿಡ್ಡ, ಬಂಗಾರದ ಬಣ್ಣದ ಕೂದಲು, ನೋವನ್ನು ಮುಖದಲ್ಲಿ ತೋರಿಸುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಕುಸ್ತಿಯವರ ಒಳಮಾತಿನಲ್ಲಿ, ಪಂದ್ಯದ ನಡುವೆ ಹೀಗೆ ಒದೆ ತಿನ್ನುವ ಪಾತ್ರಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಈಗ ಅವನು ತನ್ನ ಮೂಲೆಯ ಕಡೆ ತೆವಳುತ್ತಾನೆ. ಇನ್ನೇನು ಬೆರಳು ತಾಗಬೇಕು. ಈಟನ್ ಕಾಲು ಹಿಡಿದು ಎಳೆಯುತ್ತಾನೆ.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟ. ಗೆಳೆಯನ ಪಾಡು ನೋಡಲಾಗದೆ ಗಿಬ್ಸನ್ ಸಿಟ್ಟಿನಿಂದ ಒಳಗೆ ನುಗ್ಗುತ್ತಾನೆ. ರೆಫರಿ ಅವನನ್ನು ತಡೆದು ಮೂಲೆಗೆ ತಳ್ಳಬೇಕು. ಅಷ್ಟರಲ್ಲಿ ರೆಫರಿಯ ಬೆನ್ನ ಹಿಂದೆ ಮಿಡ್‌ನೈಟ್ ಇಬ್ಬರೂ ಸೇರಿ ಮಾರ್ಟನ್‌ನನ್ನು ಚಚ್ಚುತ್ತಾರೆ. ಅಂದರೆ ಗೆಳೆಯನ ಪ್ರೀತಿಯೇ ಗೆಳೆಯನಿಗೆ ಮುಳುವು. ಹುಡುಗಿಯರು ಅಳುತ್ತಾರೆ, ಗಂಡಸರು ಎದ್ದು ನಿಂತು ರೆಫರಿಯನ್ನು ಬೈಯುತ್ತಾರೆ. ಒಮ್ಮೆ ಮಾರ್ಟನ್ ಹೇಗೋ ಟ್ಯಾಗ್ ಕೊಟ್ಟೂ ಬಿಡುತ್ತಾನೆ, ಆದರೆ ರೆಫರಿ ನೋಡಿಲ್ಲ. ನೋಡದ್ದು ಲೆಕ್ಕಕ್ಕಿಲ್ಲ. ಗಿಬ್ಸನ್ ವಾಪಸ್ ಆಚೆಗೆ. ಹೀಗೆ ಬಿಗಿದು ಬಿಗಿದು ಕೊನೆಗೆ ನಿಜವಾದ ಟ್ಯಾಗ್ ಬಿದ್ದಾಗ ಸಭಾಂಗಣದಲ್ಲಿ ಏಳುವ ಸದ್ದು ಇದೆಯಲ್ಲ, ಅದಕ್ಕೆ ಬೇಕಾದ ಖರ್ಚು ಎಷ್ಟು? ಎರಡು ಅಂಗೈ.

ಎತ್ತರದಿಂದ ಬೀಳುವುದು ಹೊಸದೂ ಅಲ್ಲ. 1986ರ ನವೆಂಬರ್‌ನ ಸ್ಟಾರ್‌ಕೇಡ್ ಕಾರ್ಯಕ್ರಮದಲ್ಲಿ, ಅಟ್ಲಾಂಟಾದಲ್ಲಿ, ಇದೇ ಮಿಡ್‌ನೈಟ್ ಎಕ್ಸ್‌ಪ್ರೆಸ್ ರೋಡ್ ವಾರಿಯರ್ಸ್ ಜೋಡಿಯ ಎದುರು ರಿಂಗಿನ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಆಡಿತು. ಕೊನೆಗೆ ಕಾರ್ನೆಟ್ ಅಲ್ಲಿಂದ ಜೋತುಬಿದ್ದು ಕೈಬಿಟ್ಟ. ಕೆಳಗೆ ಹಿಡಿಯಬೇಕಿದ್ದ ಅಂಗರಕ್ಷಕ ಬಿಗ್ ಬಬ್ಬಾ ರೋಜರ್ಸ್‌ಗೆ ಹಿಡಿಯಲಾಗಲಿಲ್ಲ. ಕಾರ್ನೆಟ್‌ನ ಮಂಡಿ ಹೋಯಿತು. ಇವತ್ತು ಆ ಪಂದ್ಯದ ಬಗ್ಗೆ ಯಾರನ್ನು ಕೇಳಿದರೂ ಆ ಬೀಳುವಿಕೆ ಮಾತ್ರ ಹೇಳುತ್ತಾರೆ. ಉಳಿದ ಪಂದ್ಯ ಯಾರಿಗೂ ನೆನಪಿಲ್ಲ. ಎತ್ತರದ ಗುಣವೇ ಅದು, ಅಕ್ಕಪಕ್ಕದ್ದನ್ನೆಲ್ಲ ನುಂಗಿಬಿಡುತ್ತದೆ. ಟಿಎಲ್‌ಸಿಯನ್ನು ಹೊಗಳುವವರೂ ಕೊನೆಗೆ ಆ ಒಂದು ಜಿಗಿತಕ್ಕೇ ಬಂದು ನಿಲ್ಲುತ್ತಾರೆ, ಗಮನಿಸಿದಿರಾ?

ಏಣಿ ಅಪಾಯಕಾರಿ ಅನ್ನುವ ವಾದ ಮಾತ್ರ ನಾನು ಹೂಡುವುದಿಲ್ಲ. ಎಡ್ಜ್ ಕತ್ತಿನ ತೊಂದರೆಯಿಂದ 2011ರಲ್ಲಿ ಕುಸ್ತಿ ಬಿಡಬೇಕಾಯಿತು, ನಿಜ. 2020ರಲ್ಲಿ ಮರಳಿ ಬಂದ. ಆದರೆ ನನ್ನ ಮೆಚ್ಚಿನ ಜಪಾನಿಗರ ಕಥೆ ಇನ್ನೂ ಕಷ್ಟದ್ದು. ಮಿತ್ಸುಹಾರು ಮಿಸಾವಾ 2009ರ ಜೂನ್ 13ರಂದು ಹಿರೋಷಿಮಾದಲ್ಲಿ, ಒಂದು ಟ್ಯಾಗ್ ಪಂದ್ಯದ ನಡುವೆ, ಬೆನ್ನ ಮೇಲೆ ಎತ್ತಿ ಹಾಕಿಸಿಕೊಂಡು ಮತ್ತೆ ಏಳಲಿಲ್ಲ. ಅಲ್ಲಿ ಏಣಿಯೂ ಇರಲಿಲ್ಲ, ಮೇಜೂ ಇರಲಿಲ್ಲ. ಈ ವಿಷಯದಲ್ಲಿ ಯಾರ ಕೈಯೂ ಶುದ್ಧ ಇಲ್ಲ.

ಟಿಎಲ್‌ಸಿಯ ನಂತರ ಏನಾಯಿತು ಅನ್ನುವುದು ಬೇರೆ ಮಾತು. ಎರಡೇ ತಿಂಗಳಲ್ಲಿ, 2001ರ ಮೇನಲ್ಲಿ, ಮೂರನೇ ಟಿಎಲ್‌ಸಿ ವಾರದ ಟಿವಿ ಕಾರ್ಯಕ್ರಮದಲ್ಲೇ ಬಂತು. 2009ರಿಂದ 2020ರವರೆಗೆ, ಹೆಚ್ಚಾಗಿ ಡಿಸೆಂಬರ್‌ನಲ್ಲಿ, ಅದೇ ಹೆಸರಿನ ಒಂದು ವಾರ್ಷಿಕ ಕಾರ್ಯಕ್ರಮ ನಡೆಯಿತು. ಜಗಳ ಹಣ್ಣಾಗಲಿ ಬಿಡಲಿ, ಕ್ಯಾಲೆಂಡರ್‌ನಲ್ಲಿ ತಾರೀಕು ಬಂದರೆ ಏಣಿ ಹೊರಗೆ ಬರುತ್ತಿತ್ತು.

ಹಾಗಾದರೆ ನನ್ನ ಮೊದಲ ಸ್ಥಾನ ಯಾರಿಗೆ? 1995ರ ಜೂನ್ 9, ಟೋಕಿಯೋದ ನಿಪ್ಪಾನ್ ಬುಡೋಕಾನ್. ಆಲ್ ಜಪಾನ್ ಕಂಪನಿಯ ಟ್ಯಾಗ್ ಬೆಲ್ಟ್‌ಗಾಗಿ ಮಿಸಾವಾ ಮತ್ತು ಕೆಂಟಾ ಕೋಬಾಶಿ ಒಂದು ಕಡೆ, ತೊಶಿಯಾಕಿ ಕವಾಡಾ ಮತ್ತು ಅಕಿರಾ ತಾಉಎ ಇನ್ನೊಂದು ಕಡೆ. ನಲವತ್ತು ನಿಮಿಷಕ್ಕೂ ಹೆಚ್ಚು ನಡೆದ ಪಂದ್ಯ. ಭಾಷೆ ಬರಬೇಕಾಗಿಲ್ಲ, ಕಾಮೆಂಟರಿ ಬೇಕಾಗಿಲ್ಲ. ಎರಡು ಸಂಗತಿ ಗೊತ್ತಿದ್ದರೆ ಸಾಕು. ಮಿಸಾವಾ ಮತ್ತು ಕವಾಡಾ ಒಂದೇ ಹೈಸ್ಕೂಲಿನವರು, ಕವಾಡಾ ಒಂದು ವರ್ಷ ಕಿರಿಯ. ಮತ್ತು ಈ ಕಿರಿಯ ಆ ಹಿರಿಯನನ್ನು ಅಲ್ಲಿಯವರೆಗೆ ಒಮ್ಮೆಯೂ ಪಿನ್ ಮಾಡಿರಲಿಲ್ಲ, ಅಂದರೆ ಮೂರು ಎಣಿಸುವವರೆಗೆ ಭುಜ ನೆಲಕ್ಕೆ ಒತ್ತಿಹಿಡಿದು ಗೆದ್ದಿರಲಿಲ್ಲ.

ಕೋಬಾಶಿ ಆ ದಿನ ಪಟ್ಟಿ ಸುತ್ತಿದ ಕಾಲಿನಲ್ಲೇ ಬಂದಿದ್ದ. ಕವಾಡಾ ಮತ್ತು ತಾಉಎ ಆ ಕಾಲನ್ನೇ ಹುಡುಕಿ ಹುಡುಕಿ ಹೊಡೆಯುತ್ತಾರೆ. ಉದ್ದೇಶ ಸರಳ. ಒಬ್ಬನನ್ನು ಕುಂಟು ಮಾಡಿದರೆ ಇನ್ನೊಬ್ಬ ಒಂಟಿಯಾಗುತ್ತಾನೆ. ಹೊತ್ತು ಹೋದಂತೆ ಹಾಗೇ ಆಗುತ್ತದೆ. ಮಿಸಾವಾ ಇಬ್ಬರ ಕೈಗೂ ಸಿಕ್ಕು ಹಣ್ಣಾಗುತ್ತಾನೆ. ಕೋಬಾಶಿಗೆ ಏಳಲು ಆಗುತ್ತಿಲ್ಲ, ಹೊಡೆಯಲು ಆಗುತ್ತಿಲ್ಲ. ಅವನಲ್ಲಿ ಉಳಿದಿರುವುದು ಒಂದೇ, ತನ್ನ ಮೈ. ತೆವಳಿಕೊಂಡು ಹೋಗಿ, ಬಿದ್ದಿರುವ ಮಿಸಾವಾನ ಮೇಲೆ ಅಡ್ಡಲಾಗಿ ಮಲಗಿಬಿಡುತ್ತಾನೆ. ನನಗೆ ಬೀಳಲಿ ಏಟು ಅನ್ನುವ ಹಾಗೆ.

ಅವರು ಅವನನ್ನೂ ಹೊಡೆಯುತ್ತಾರೆ, ಎಳೆದು ಪಕ್ಕಕ್ಕೆ ಹಾಕುತ್ತಾರೆ. ಆಮೇಲೆ ಕವಾಡಾ ಮಿಸಾವಾನನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ. ಒಂದು, ಎರಡು, ಮೂರು. ಬುಡೋಕಾನ್ ಗುಡುಗುತ್ತದೆ. ನಾನು ಮಾತ್ರ ಇವತ್ತಿಗೂ ಆ ಹೊತ್ತಿನಲ್ಲಿ ಗೆದ್ದವರನ್ನು ಬಿಟ್ಟು ಪರದೆಯ ಮೇಲೆ ಕೋಬಾಶಿ ಎಲ್ಲಿದ್ದಾನೆ ಅಂತ ಹುಡುಕುತ್ತಿರುತ್ತೇನೆ.